ಲಿಂಬೆ ಆರುವ ದಿನ

ಇದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಹೋದ ವಾರ ಊಟಕ್ಕೆ ಕೂತು ಲಿಂಬೆ ಹೋಳು ಹಿಂಡಿದಾಗ ಸಿಪ್ಪೆಯ ಎಣ್ಣೆ ಬೆರಳಿಗೆ ಹತ್ತಿತು. ಆ ಕಟು ವಾಸನೆಗೆ ಇಂಡಿ ಊರಿನ ಲಿಂಬೆ ಶೆಡ್ಡೂ ಅಲ್ಲಿದ್ದ ಕಾಕುವೂ ನೆನಪಾದರು. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದು ನಮಗೆ ಅನುಕೂಲವಾದದ್ದನ್ನೇ ಇಟ್ಟುಕೊಳ್ಳುತ್ತದೆ…

ಕಾಕು ನನಗೆ ಸಂಬಂಧಿಯಲ್ಲ. ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಚಿಕ್ಕಮ್ಮನಂತೆ ಹಾಗೆ ಕರೆಯುತ್ತಿದ್ದರು. ಹತ್ತಿರದ ಲಚ್ಯಾಣದಿಂದ ದಿನಾ ಬಸ್ಸಿಗೆ ಬಂದು, ಲಿಂಬೆ ವಿಂಗಡಿಸುವ ಹೆಂಗಸರ ಮೇಲುಸ್ತುವಾರಿ ನೋಡುತ್ತಿದ್ದಳು. ನಾನು ಬಾಗೇವಾಡಿಯವನು. ಪೂರೈಕೆ ಸರಪಳಿಯ ನಿರ್ವಹಣೆ ಓದಿ ಶೆಡ್ ನಡೆಸುತ್ತಿದ್ದ ಕಂಪನಿಗೆ ಆಗ ಹೊಸದಾಗಿ ಸೇರಿದ್ದೆ. ಇಂಡಿ, ಸಿಂದಗಿಯ ತೋಟಗಳ ಹಣ್ಣು ಕೊಂಡು ಮುಂಬೈಯ ಮಾಲ್‌ಗಳಿಗೆ ಕಳಿಸುವುದು ಕಂಪನಿಯ ಕೆಲಸ.

ಬಂದ ದಿನವೇ ಹಣ್ಣನ್ನು ಪೆಟ್ಟಿಗೆಗೆ ತುಂಬಲು ಕಾಕು ಬಿಡುತ್ತಿರಲಿಲ್ಲ. ಗೋಣಿತಟ್ಟಿನ ಮೇಲೆ ಹರವಿ, ಒಂದು ದಿನ ನೆರಳಲ್ಲಿ ಆರಬಿಟ್ಟು, ತುಸು ಮೆತ್ತಗಾದ ಮೇಲೆಯೇ ತುಂಬಿಸುತ್ತಿದ್ದಳು. ನನ್ನ ಕಣ್ಣಿಗೆ ಅದು ಸುಮ್ಮನೆ ಮಲಗಿದ ಸರಕು. ಆ ಒಂದು ದಿನ ಉಳಿಸೋಣ ಎಂದು ವರದಿ ಬರೆದೆ. ಮುಖ್ಯ ಕಚೇರಿ ಒಪ್ಪಿತು.

“ಹಣ್ಣಿಗೂ ಬಸ್ ಹಿಡಿಯೋ ಅವಸರ ಐತೇನ್ರಿ ಸಾಹೇಬ್ರ?” ಎಂದಳು ಕಾಕು. ಹೆಂಗಸರು ನಕ್ಕರು.

“ಗಿಡದಾಗ ಇಷ್ಟು ದಿನ ಕುಂತೈತಿ, ಇಲ್ಲಿ ಮತ್ತ್ಯಾಕ ಕೂಡ್ರಸ್ತಿ ಕಾಕು?” ಎಂದೆ.

“ಕುಂತಿಲ್ರಿ, ನೀರು ಕುಡದು ಉಬ್ಬೇತಿ. ಇಷ್ಟು ಓದೀರಿ, ಒಂದ್ಸಲ ಹಿಚುಕಿ ನೋಡ್ರಿ.”

ನಾನು ನೋಡಲಿಲ್ಲ. ಬೇಸಿಗೆ ಬಲಿತಂತೆ ಹಣ್ಣು ಗಿಡದಲ್ಲೇ ಬಾಡತೊಡಗಿದ್ದರಿಂದ ನನ್ನ ಯೋಜನೆ ಚೆನ್ನಾಗಿಯೇ ನಡೆಯಿತು. ಬೇಡಿಕೆ ಏರಿತು, ಕಂಪನಿ ಹಿಗ್ಗಿತು, ನನ್ನ ಬಡ್ತಿಯ ಮಾತೂ ಬಂತು. ಮಳೆ ಬಿದ್ದ ಮೇಲೆ ಅದೇ ಅವಸರದಲ್ಲಿ ತುಂಬಿದ ಒಂದು ಲಾರಿ ಮುಂಬೈ ಮುಟ್ಟುವಷ್ಟರಲ್ಲಿ ಹಣ್ಣಿನ ಮೈಮೇಲೆಲ್ಲ ಕಂದು ಕಲೆ. ನೀರು ಕುಡಿದು ಬಿಗಿದ ಸಿಪ್ಪೆ ಒತ್ತಡಕ್ಕೆ ಸಿಕ್ಕರೆ ಅದರ ಎಣ್ಣೆಯೇ ಅದನ್ನು ಸುಡುತ್ತದೆ. ಆಮೇಲೆ ಓದಿ ತಿಳಿದುಕೊಂಡೆ. ಮಾಲ್‌ನವರು ಲಾರಿ ವಾಪಸು ಕಳಿಸಿ, ಖರೀದಿಯನ್ನೇ ನಿಲ್ಲಿಸಿದರು.

ಕಚೇರಿಯವರು ಕೇಳಿದ್ದು ಒಂದೇ: ಲಾರಿ ಹೊರಡುವಾಗ ಶೆಡ್ಡಿನವರು ನಿಮಗೆ ಎಚ್ಚರಿಕೆ ಕೊಟ್ಟಿದ್ದರೇ? ಇಲ್ಲ ಎಂದೆ. ನನಗೆ ಹಾಗೇ ನೆನಪಿತ್ತು. ಬೇಸಿಗೆಯಲ್ಲಿ ಆಕೆ ಆಡಿದ್ದು ಬರೀ ಚೇಷ್ಟೆಯ ಮಾತು. ಲಾರಿ ಹೊರಟ ದಿನ ಆಕೆ ಏನೂ ಹೇಳಿರಲಿಲ್ಲ… ಎಚ್ಚರಿಸಲಿಲ್ಲವೆಂದು ಕಾಕುವನ್ನು ಕೆಲಸದಿಂದ ತೆಗೆದರು. ನಾನು ಉಳಿದೆ. ಹೊರಡುವಾಗ ಆಕೆ ಬುತ್ತಿಗಂಟು ಎತ್ತಿಕೊಂಡು, “ಇರ್ಲಿ ಬಿಡ್ರಿ, ನಿಮ್ಮದೂ ಹೊಟ್ಟಿಪಾಡು” ಎಂದಳು. ಅಥವಾ ಏನೂ ಅನ್ನದೆ ಹೋದಳೋ.

ಹೋದ ವಾರದ ಆ ಊಟದ ಮರುದಿನ ಲಚ್ಯಾಣಕ್ಕೆ ಹೋದೆ. ಕ್ಷಮೆ ಕೇಳಲೋ, ನಾನೇ ಸರಿ ಎಂದು ಅನಿಸಿಕೊಳ್ಳಲೋ, ಗೊತ್ತಿಲ್ಲ. ಕಾಕು ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆಯ ಸೊಸೆ ಚಹಾ ಕೊಟ್ಟಳು. ನಾನು ಯಾರೆಂದು ಹೇಳದೆಯೇ ಕುಡಿದು ಎದ್ದೆ.

ಬರುವಾಗ ಇಂಡಿಯಲ್ಲಿ ಇಳಿದೆ. ಶೆಡ್ ಈಗ ಬೇರೆಯವರದು. ಇನ್ನೂ ಅಲ್ಲೇ ಇದ್ದ ನಮ್ಮ ಕಾಲದ ಕಾವಲುಗಾರ, ಹೊರಡುವ ಲಾರಿಗಳ ವಿವರ ಬರೆದು ನಾವು ಸಹಿ ಹಾಕುತ್ತಿದ್ದ ಪುಸ್ತಕಗಳ ಕಟ್ಟು ಬಿಚ್ಚಿಕೊಟ್ಟ. ಆ ದಿನದ ಪುಟ ಸಿಕ್ಕಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಕಾಕುವಿನ ದಪ್ಪ ಅಕ್ಷರ: “ಹಣ್ಣು ಆರಿಲ್ಲ. ಸಾಹೇಬರಿಗೆ ಹೇಳೇನಿ.” ಅದರ ಕೆಳಗೆ ಒಂದು ಸಹಿ. ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ನನ್ನದೇ.