ರೋಯಿಂಗ್ ಮಶೀನಿನ ಮೇಲೆ ಅಜ್ಜಿಯ ಪಾಠ

ಶಿರಸಿಯ ಜಿಮ್ಮಿನಲ್ಲಿ, ಕೂತು ದೋಣಿಯ ಹುಟ್ಟಿನಂತೆ ಹಿಡಿಕೆ ಎಳೆಯುವ ರೋಯಿಂಗ್ ಮಶೀನು ಶುರುಮಾಡಿದ ವಾರದಲ್ಲೇ ಸೊಂಟ ಹಿಡಿದುಕೊಂಡಿತು. ಇನ್ನು ಬಿಟ್ಟುಬಿಡುವುದೇ ಸರಿ ಎಂದು ಏಳುವಾಗ, ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಬನವಾಸಿ ಕಡೆಯ ಅಕ್ಕ ಒಬ್ಬರು ನಕ್ಕರು.

“ತಮ್ಮಾ, ಬಾವಿ ನೀರು ಸೇದಾಕತ್ತೀಯೇನು? ಕಾಲು ಯಾಕ ಹಂಗ ಬಿಗಿ ಹಿಡದಿ? ಮೊದಲು ಕಾಲಿಲೆ ಒತ್ತು, ಕಡೀಕ ಕೈ ಜಗ್ಗು.”

“ಕಾಲು ಕದಲಿಸಬಾರದು ಅಂತ ಅಜ್ಜಿ ಕಲಿಸಿದ್ದಾರೆ, ಅಕ್ಕಾ,” ಎಂದೆ.

“ಅಜ್ಜಿ ಜಿಮ್ಮಿಗೆ ಬರ್ತಿದ್ರೇನು?”

ಅಜ್ಜಿ ಕಲಿಸಿದ್ದು ನೀರು ಸೇದುವುದನ್ನೇ. ನಮ್ಮ ಬಾವಿಕಟ್ಟೆಯ ಕಲ್ಲು ಪಾಚಿ ಹಿಡಿದು ಜಾರುತ್ತಿತ್ತು. ನಾನು ಹಗ್ಗ ಎಳೆಯುವಷ್ಟು ಹೊತ್ತೂ ಅಜ್ಜಿ ಹಿಂದಿನಿಂದ ನನ್ನ ಚಡ್ಡಿ ಹಿಡಿದುಕೊಂಡು, “ಕಾಲು ಗಟ್ಟಿ, ಕಾಲು ಗಟ್ಟಿ” ಎನ್ನುತ್ತಿದ್ದರು. ಈಗ ಬಾವಿಗೆ ಪಂಪು ಬಂದಿದೆ, ಅಜ್ಜಿ ಇಲ್ಲ.

ಅಕ್ಕ ಹೇಳಿದಂತೆ ಒತ್ತಿದೆ. ಸೊಂಟ ಸುಮ್ಮನಾಯಿತು. ಜಿಮ್ಮಿನ ನೆಲ ಜಾರುವುದಿಲ್ಲ ಎಂಬ ನಂಬಿಕೆ ಮಾತ್ರ ಕಾಲಿಗೆ ಇನ್ನೂ ಬಂದಿಲ್ಲ.