ರೊಟ್ಟಿ ಉಂಡೆವು, ವೋಟು ಕೊಡಲಿಲ್ಲ

ರೊಟ್ಟಿ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಂಡ ಮನೆ ಜಂತೆ ಎಣಿಸಿದಳು ಅಂತ ಯಾರೂ ಅನ್ನಬಾರದು. ಚುನಾವಣೆ ಹತ್ತಿರ ಬಂದಾಗ ಒಂದು ಪಕ್ಷದವರು ಗರುಡಾಚಾರ್‌ಪಾಳ್ಯದಲ್ಲಿ ಶಾಮಿಯಾನ ಹಾಕಿ, ನಮಗೆಂದೇ ಜೋಳದ ರೊಟ್ಟಿ, ಪುಂಡಿಪಲ್ಯದ ಊಟ ಇಟ್ಟಿದ್ದರು. ನಮಗೆಂದರೆ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಈ ಮಹಾನಗರಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿರುವವರಿಗೆ. ನಾನಂತೂ ಎರಡನೇ ಸಲ ಬಡಿಸಿಕೊಂಡು ಉಂಡೆ.

ನನಗೆ ಬೇಕಾಗಿದ್ದು ಒಂದೇ, ಮೋರಿ ರಿಪೇರಿ. ಮಳೆ ಬಂದರೆ ಸಾಕು, ಗಲ್ಲಿಯ ಮೋರಿ ಉಕ್ಕಿ ಕೋಣೆಯೊಳಗೇ ನುಗ್ಗುತ್ತಿತ್ತು. ಆ ನೀರಲ್ಲೇ ಓಡಾಡಿ ಮಗಳು ಮಳೆಗಾಲವೆಲ್ಲ ಜ್ವರ ಹಿಡಿದು ಮಲಗುತ್ತಿದ್ದಳು. ಅದಕ್ಕೇ ನಾನು ಹಟ ಹಿಡಿದು, ಊರಲ್ಲಿದ್ದ ವೋಟನ್ನು ತೆಗೆಸಿ ಇಲ್ಲಿಗೆ ಮಾಡಿಸಿಕೊಂಡಿದ್ದೆ. ಗಲ್ಲಿಯ ಹೆಂಗಸರೂ ಹಾಗೇ ಮಾಡಿದ್ದರು.

“ಊರ ಋಣ ತೀರ್ತೇನ್ ವೈನಿ?” ಎಂದು ಮೈದುನ ಫೋನಿನಲ್ಲಿ ಕೆಣಕಿದ.

“ಮೋರಿ ಇಲ್ಲಿ ಉಕ್ಕತದ, ವೋಟು ಅಲ್ಲಿ ಹಾಕ್ಲೇನು?” ಎಂದೆ. ಅವನು ಫೋನಿಟ್ಟ.

ಊಟವಾದ ಮೇಲೆ ಅಭ್ಯರ್ಥಿ ನಮ್ಮ ಕಡೆಯ ಪೇಟಾ ಸುತ್ತಿಕೊಂಡು ಮೈಕಿನ ಮುಂದೆ ನಿಂತ. ನಿಮ್ಮೂರಿನ ಹೊಲಕ್ಕೆ ನೀರು ತರ್ತೀವಿ, ಹಬ್ಬಕ್ಕೆ ಊರಿಗೆ ಹೋಗಕ್ಕೆ ರೈಲು ಬಿಡಿಸ್ತೀವಿ ಅಂತ ಒಂದೇ ಸಮನೆ ಕೊರೆದ. ಹೊಲವೇ ಇಲ್ಲದವರ ಮುಂದೆ! ಚಪ್ಪಾಳೆ ಬೀಳಲಿಲ್ಲ. ನಾನು ಎದ್ದು ನಿಂತೆ.

“ಸರ, ನಮ್ಮ ಗಲ್ಲಿ ಮೋರಿ ಬಗ್ಗೆ ಒಂದ್ ಮಾತು ಹೇಳ್ರಿ.”

“ಅದು ಲೋಕಲ್ ಪ್ರಾಬ್ಲಮ್ ಅಮ್ಮ. ಆಮೇಲ್ ನೋಡೋಣ, ಕೂತ್ಕೊಳ್ಳಿ.”

“ನಾವೂ ಲೋಕಲ್ಲೇ ರೀ,” ಎಂದೆ. ಆಗ ಬಿತ್ತು ನೋಡಿ ಚಪ್ಪಾಳೆ. ಅವನು ಅದು ತನಗೇ ಅಂದುಕೊಂಡು ಕೈಮುಗಿದ.

ಆ ಪಕ್ಷ ಸೋತಿತು. ಗೆದ್ದವರೂ ಈ ಕಡೆ ತಲೆ ಹಾಕಲಿಲ್ಲ, ಆ ಮಾತು ಬೇರೆ. ಅಂದು ಊಟಕ್ಕೆ ಕರೆಯಲು ಬಂದಿದ್ದ ಕಾರ್ಯಕರ್ತ ಒಂದು ದಿನ ಬಾಗಿಲಿಗೆ ಬಂದ. ಮಳೆ ಆಗಷ್ಟೇ ನಿಂತಿತ್ತು, ನಾನು ಮೋರಿ ನೀರನ್ನು ಬಕೆಟ್ಟಿಗೆ ಮೊಗೆಯುತ್ತಿದ್ದೆ.

“ಏನಕ್ಕ, ನಿಮ್ಮ ರೊಟ್ಟಿ, ನಿಮ್ಮ ಪಲ್ಯ, ಎಲ್ಲಾ ಮಾಡಿದ್ವಲ್ಲ. ಆದ್ರೂ ನಿಮ್ಮೋರು ಕೈ ಕೊಟ್ಬಿಟ್ರು. ಎಲ್ಲಿ ತಪ್ಪಾಯ್ತು?”

ನಾನು ಬಕೆಟ್ಟನ್ನು ಕುಕ್ಕಿಟ್ಟೆ.

“ಹೊರಗ ನಿಂತು ಕೇಳಬ್ಯಾಡ ತಮ್ಮಾ. ಚಪ್ಪಲಿ ಬಿಟ್ಟು ಒಳಗ ಬಾ, ಹೇಳ್ತೀನಿ.”

ಅವನು ಒಳಗೆ ನಿಂತಿದ್ದ ಕಪ್ಪು ನೀರು ನೋಡಿದ, ತನ್ನ ಕಾಲು ನೋಡಿಕೊಂಡ. ಚಪ್ಪಲಿ ಬಿಡಲಿಲ್ಲ.

“ಇರ್ಲಿ ಅಕ್ಕ, ಇನ್ನೊಂದ್ಸಲ ಬರ್ತೀನಿ.”

“ಬಾ. ನನ್ನ ಮಗಳು ಇದರಾಗ ನಿಂತು ಸಾಲಿ ಡ್ರೆಸ್ ಹಾಕ್ಕೋತಾಳ. ಮುಂದಿನ ಸಲ ರೊಟ್ಟಿ ನಾನೇ ಬಡೀತೀನಿ. ನಿಮ್ಮ ಸಾಹೇಬರನ್ನೂ ಕರ್ಕೊಂಡು ಬಾ, ಮಳಿ ಬಂದಾಗ ಇಲ್ಲೇ ಕೂತು ಉಣ್ಲಿ. ಆಮ್ಯಾಲೆ ವೋಟು ಕೇಳ್ಲಿ.”