ಭಂಗಿ ಹಾಲು ಕುಡಿದ ಅತ್ತೆ

ಎಪ್ಪತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಕುಷ್ಟಗಿಗೆ ಬಂದೆ. ವರ್ಷ ಕಳೆದರೂ ಅತ್ತೆ ನನ್ನ ಅಡುಗೆಯನ್ನು ಒಮ್ಮೆಯೂ ಹೊಗಳಿರಲಿಲ್ಲ. ಹೋಳಿಯ ದಿನ ಮೈದುನ ಗೆಳೆಯರ ಮನೆಯಿಂದ ಬಾದಾಮಿ ಹಾಲು ತಂದ. ಅತ್ತೆ ಎರಡು ಲೋಟ ಕುಡಿದರು. ಅದರಲ್ಲಿ ಭಂಗಿ ಸೊಪ್ಪು ಅರೆದು ಹಾಕಿದ್ದು ಅವನಿಗೂ ಗೊತ್ತಿರಲಿಲ್ಲ.

ತಾಸೆರಡು ತಾಸಿನಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತು ನಗತೊಡಗಿದರು. ಹೋಗಿಬರುವವರನ್ನೆಲ್ಲ ನಿಲ್ಲಿಸಿ, “ನನ್ನ ಸೊಸಿ ರೊಟ್ಟಿ ಬಡದಂಗ ಈ ಓಣ್ಯಾಗ ಯಾರೂ ಬಡಿಯಂಗಿಲ್ಲ ನೋಡ್ರಿ” ಎಂದರು. ಹೇಳಿದ್ದನ್ನು ಮರೆತು ಮತ್ತೆ ಅದನ್ನೇ ಹೇಳಿದರು. ಗಾಬರಿಯಾಗಿ ಡಾಕ್ಟರನ್ನು ಕರೆಸಿದೆವು.

“ಅಂಜಬ್ಯಾಡ್ರಿ,” ಎಂದರು ಡಾಕ್ಟರು. “ಆ ಹಾಲಿನಾಗ ಭಂಗಿ ಸೊಪ್ಪು ಹಾಕ್ಯಾರ, ಅದರ ಸತ್ವ ಮೆದುಳಿಗೆ ಏರೈತಿ. ನೆನಪು ಕೂಡಿಡೋ ಜೀವಕೋಶಗಳ ಕೆಲಸ ಅದು ಕೆಡಸ್ತೈತಿ. ಮಲಗಿ ಎದ್ದರ ಸರಿ ಹೋಗ್ತಾರ. ಇವತ್ತು ಅಂದಿದ್ದು ನೆನಪಿರೂದು ಕಷ್ಟ.”

ಮರುದಿನ ಅತ್ತೆ ಅಳುಕುತ್ತ, “ನಿನ್ನಿ ನಿನಗ ಏನರ ಬೈದೆನೇನವಾ?” ಎಂದು ಕೇಳಿದರು.

“ಇಲ್ರಿ ಅತ್ತಿ, ಬೈಲಿಲ್ಲ,” ಎಂದೆ.

ಉಳಿದದ್ದನ್ನು ಹೇಳಿದರೆ ಅವರು ನಾಚಿಕೊಳ್ಳುತ್ತಿದ್ದರು. ಆ ವಾರವೆಲ್ಲ ನೀರಿಗೆ ಹೋದಾಗ ಓಣಿಯ ಹೆಂಗಸರು ನನ್ನನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ನನಗೂ ನಗು ತಡೆಯಲಾಗುತ್ತಿರಲಿಲ್ಲ.